ಎರಡು ಕಲ್ಲುಗಳು: ರೋನ್ ಕಣಿವೆಯ ದ್ರಾಕ್ಷಿಯ ಬೆಟ್ಟಗಳಲ್ಲಿ ಬೈಸಿಕಲ್ ಹಾದಿ

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ, ಬೆಟ್ಟದ ದಾರಿಗಳ ಪಕ್ಕದಲ್ಲಿ ನೆಟ್ಟಿರುವ ಎರಡು ಸ್ಮಾರಕಶಿಲೆಗಳಿವೆ. ಒಂದು, ಸೇಂಟ್ ಎತಿಯೆನ್ ಪಟ್ಟಣದ ಮೇಲಣ ಗ್ರಾಂ ಬ್ವಾ ಎಂಬ ಘಾಟಿಯ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ 1,161 ಮೀಟರು ಎತ್ತರದಲ್ಲಿದೆ. ಮತ್ತೊಂದು, ಅಲ್ಲಿಗೆ ಬಹುದೂರ ದಕ್ಷಿಣದಲ್ಲಿ, ಮೋಂ ವಾಂತೂ ಎಂಬ ಬೋಳು ಪರ್ವತದ ಶಿಖರಕ್ಕೆ ಸುಮಾರು ಒಂದು ಮೈಲಿ ಕೆಳಗಿದೆ. ಎರಡೂ ಬೈಸಿಕಲ್ ಸವಾರರ ನೆನಪಿಗಾಗಿ ನಿಂತ ಕಲ್ಲುಗಳು. ಮೊದಲನೆಯದು, ತುಂಬು ಜೀವನವನ್ನು ನಡಸಿ, ತನ್ನ ಎಪ್ಪತ್ತನೆಯ ವಯಸ್ಸು ಕಳೆದಮೇಲೂ ಬೆಟ್ಟ ಹತ್ತುತ್ತಿದ್ದ ಒಬ್ಬ ಮುದುಕನದು. ಎರಡನೆಯದು, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಆ ದಾರಿಯಲ್ಲಿ ಬಿದ್ದು ಪ್ರಾಣಬಿಟ್ಟ ಒಬ್ಬ ತರುಣನದು. ಈ ಎರಡು ಕಲ್ಲುಗಳ ನಡುವೆ ರೋನ್ ನದಿಯ ಕಣಿವೆಯುಂಟು. ಆ ಕಣಿವೆಯ ಇಳಿಜಾರುಗಳಲ್ಲೆಲ್ಲ ದ್ರಾಕ್ಷಿಯ ತೋಟಗಳುಂಟು. ಈ ಹಾದಿಯ ಚರಿತ್ರೆಯನ್ನೂ, ಅದರಲ್ಲಿ ನಡೆದ ಒಂದು ದೊಡ್ಡ ವಾದವನ್ನೂ ಕುರಿತು ಶ್ರೋತೃಗಳಲ್ಲಿ ಕೆಲವು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇನೆ.

ಮೊದಲು ನೆಲದ ವಿಚಾರ. ರೋನ್ ನದಿ ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಹುಟ್ಟಿ, ಜಿನೀವಾ ಸರೋವರವನ್ನು ದಾಟಿ, ಲಿಯೋನ್ ನಗರದ ಬಳಿ ದಕ್ಷಿಣಕ್ಕೆ ತಿರುಗಿ ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ಲಿಯೋನಿನ ಕೆಳಗೆ ನದಿಯ ಬಲದಂಡೆಯಲ್ಲಿ ಗ್ರಾನೈಟು ಮೊದಲಾದ ಗಟ್ಟಿಕಲ್ಲಿನ ಕಡಿದಾದ ಗುಡ್ಡಗಳಿವೆ. ಅಲ್ಲಿ ಒಂದು ಇಳಿಜಾರಿನ ಹೆಸರು ಕೋತ್ ರೋತಿ; ಎಂದರೆ ಹುರಿದ ಇಳಿಜಾರು. ಬಿಸಿಲಿಗೆ ಮೈಯೊಡ್ಡಿ ನಿಂತ ಈ ಗುಡ್ಡಕ್ಕೆ ಅದು ತಕ್ಕ ಹೆಸರೇ ಸರಿ. ದ್ರಾಕ್ಷಿಗೆ ಕೊಬ್ಬಿದ ನೆಲ ಬೇಡ. ಬೇರಿನ ಬಳಿ ನೀರು ನಿಲ್ಲಕೂಡದು. ಬಿಸಿಲು ಓರೆಯಾಗಿ ತಾಕಿ ನೆಲವನ್ನು ಕಾಯಿಸಬೇಕು. ಆದುದರಿಂದ ಬೇರೆ ಪೈರಿಗೆ ಒದಗದ ಕಲ್ಲುಗುಡ್ಡವೇ ದ್ರಾಕ್ಷಿಗೆ ಮೆಚ್ಚು. ರೋಮನರ ಕಾಲದಿಂದಲೂ ಇಲ್ಲಿ ಬೇಸಾಯಗಾರರು ಕಲ್ಲು ಜೋಡಿಸಿ ಪಾವಟಿಗೆಗಳನ್ನು ಕಟ್ಟುತ್ತ ಬಂದಿದ್ದಾರೆ. ಮಳೆ ಬಂದಾಗ ಮಣ್ಣು ಕೊಚ್ಚಿಹೋದರೆ, ಅದನ್ನು ಕುಕ್ಕೆಗಳಲ್ಲಿ ತುಂಬಿ ಬೆನ್ನಮೇಲೆ ಹೊತ್ತು ಮತ್ತೆ ಮೇಲಕ್ಕೆ ತಂದು ಹರಡುವುದು ಅವರ ವಾಡಿಕೆಯಾಗಿದ್ದಿತು.

ಇಂಥ ಗುಡ್ಡಗಳಲ್ಲಿ ಒಳ್ಳೆಯ ದಾರಿಗಳು ಹೇಗೆ ಬಂದುವು? ಬೈಸಿಕಲ್ಲಿಗಾಗಿ ಯಾರೂ ಅವನ್ನು ಮಾಡಲಿಲ್ಲ. ಹಣ್ಣಿನ ಬುಟ್ಟಿಯನ್ನೂ ಮದ್ಯದ ಪೀಪಾಯಿಯನ್ನೂ ಹೊತ್ತ ಗಾಡಿಗಳಿಗಾಗಿ ಅವು ಹುಟ್ಟಿದುವು. 1836ರ ಮೇ ತಿಂಗಳಲ್ಲಿ ಫ್ರಾನ್ಸಿನ ಸರ್ಕಾರ ಹಳ್ಳಿಯ ದಾರಿಗಳ ವಿಷಯವಾಗಿ ಒಂದು ಶಾಸನವನ್ನು ಮಾಡಿತು. ಅದರ ಪ್ರಕಾರ ಪ್ರತಿಯೊಂದು ಗ್ರಾಮವೂ ತನ್ನ ದಾರಿಗಳನ್ನು ಕಾಪಾಡಿಕೊಳ್ಳಬೇಕು. ಹಣ ಸಾಲದಿದ್ದರೆ ಗ್ರಾಮಸ್ಥರಿಂದ ವರ್ಷಕ್ಕೆ ಮೂರು ದಿನಗಳವರೆಗೆ ಮೈಗೆಲಸವನ್ನು ಕೇಳಬಹುದು. ಹೀಗೆ ರೈತರ ತೋಳಿನ ಬಲದಿಂದ, ಐವತ್ತು ವರ್ಷಗಳಲ್ಲಿ, ದೇಶದ ಗುಡ್ಡಗಾಡಿನಲ್ಲಿಯೂ ಜಲ್ಲಿಯ ದಾರಿಗಳ ಬಲೆ ಹರಡಿತು. ಬೈಸಿಕಲ್ಲು ಹುಟ್ಟಿ ಬರುವ ಹೊತ್ತಿಗೆ ದಾರಿ ಸಿದ್ಧವಾಗಿದ್ದಿತು. ಸವಾರನು ಇಲ್ಲಿ ಅತಿಥಿ, ಮನೆಯವರು ಬೇರೆ. ಈ ಮಾತನ್ನು ನೆನಪಿಡುವುದು ಮೇಲು.

ಆ ಐವತ್ತು ವರ್ಷಗಳ ಮಧ್ಯದಲ್ಲಿಯೇ ದ್ರಾಕ್ಷಿಯ ಬೇಸಾಯಕ್ಕೆ ಒಂದು ಮಹಾವಿಪತ್ತು ಒದಗಿತು. 1863ರ ಸುಮಾರಿನಲ್ಲಿ ರೋನ್ ನದಿಯ ಕೆಳಕಣಿವೆಯ ಪ್ಯುಜೋ ಎಂಬ ಹಳ್ಳಿಯ ತೋಟಗಳಲ್ಲಿ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದುವು. 1868ರಲ್ಲಿ ಮೋಂಪೆಲಿಯೆ ನಗರದ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್ ಎಂಬಾತನು ಸಂಗಡಿಗರೊಡನೆ ಬೇರುಗಳನ್ನು ಅಗೆದು ನೋಡಿ, ಕಣ್ಣಿಗೆ ಕಾಣುವುದೇ ಕಷ್ಟವಾದ ಒಂದು ಹೇನನ್ನು ಕಂಡುಹಿಡಿದನು. ಅಮೆರಿಕದಿಂದ ಬಂದ ಆ ಫಿಲಾಕ್ಸೆರ ಎಂಬ ಕೀಟವು ಫ್ರಾನ್ಸಿನ ತೋಟಗಳನ್ನು ಪ್ರಾಂತದಮೇಲೆ ಪ್ರಾಂತವಾಗಿ ನಾಶಮಾಡಿತು. ಮದ್ದೂ ಅಮೆರಿಕದಿಂದಲೇ ಬರಬೇಕಾಯಿತು. ಅಲ್ಲಿಯ ಕಾಡುದ್ರಾಕ್ಷಿಯ ಬೇರು ಈ ಹೇನನ್ನು ತಾಳಿಕೊಳ್ಳುತ್ತದೆ; ಅದರಮೇಲೆ ಫ್ರಾನ್ಸಿನ ಬಳ್ಳಿಯನ್ನು ಕಸಿಮಾಡಿದರೆ ಹಣ್ಣು ಹಿಂದಿನದೇ ಆಗಿರುತ್ತದೆ. ಆದರೆ ಇದನ್ನು ಒಪ್ಪಿಕೊಳ್ಳಲು ಅನೇಕರಿಗೆ ಮನಸ್ಸು ಬರಲಿಲ್ಲ. ಅನ್ಯದೇಶದ ಬೇರಿನ ಆಸರೆಯಿಂದ ಬದುಕುವ ಬಳ್ಳಿ ನಮ್ಮದೆನಿಸೀತೆ, ಅದರ ರಸ ಕೆಡದೆ ಇದ್ದೀತೆ ಎಂದು ಅಭಿಮಾನಿಗಳು ಹಟ ಹಿಡಿದರು. ಕೆಲವು ಪ್ರಾಂತಗಳಲ್ಲಿ ಅಮೆರಿಕದ ಬಳ್ಳಿಯನ್ನು ತರುವುದನ್ನೇ ನಿಷೇಧಿಸಿದ್ದರು. ಕಟ್ಟಕಡೆಗೆ ಗೆದ್ದುದು ಕಸಿ. ಇಂದು ನಾವು ನೋಡುವ ಫ್ರಾನ್ಸಿನ ದ್ರಾಕ್ಷಿಯ ತೋಟಗಳೆಲ್ಲ, ಕೆಲವು ಮರಳುನೆಲದ ತುಂಡುಗಳನ್ನು ಬಿಟ್ಟರೆ, ಪರದೇಶದ ಬೇರಿನಮೇಲೆ ನಿಂತಿವೆ. ಸಹಾಯವನ್ನು ಪಡೆಯುವುದು ಅವಮಾನವೇ ಎಂಬ ಈ ಪ್ರಶ್ನೆ, ಅದೇ ಬೆಟ್ಟಗಳಲ್ಲಿ, ಸ್ವಲ್ಪ ಕಾಲದ ಮೇಲೆ ಬೈಸಿಕಲ್ಲಿನ ವಿಷಯದಲ್ಲಿಯೂ ಎದ್ದಿತು.

ಸೇಂಟ್ ಎತಿಯೆನ್ ಕಲ್ಲಿದ್ದಲು, ಬಂದೂಕು, ರೇಷ್ಮೆಯ ರಿಬ್ಬನ್ನು ಇವುಗಳಿಗೆ ಹೆಸರಾದ ಪಟ್ಟಣ. 1886ರಲ್ಲಿ ಅಲ್ಲಿ ಗೋತಿಯೆ ಸಹೋದರರು ಬೈಸಿಕಲ್ಲನ್ನು ತಯಾರಿಸಿದ ತರುವಾಯ, ಬಂದೂಕಿನ ಕೆಲಸದಲ್ಲಿ ಪಳಗಿದ ಕೈಗಳು ಈ ಹೊಸ ಯಂತ್ರದ ಕಡೆಗೆ ತಿರುಗಿದುವು. ಅದೇ ಪಟ್ಟಣದಲ್ಲಿ ಪಾಲ್ ದ ವಿವಿ ಎಂಬವನು ರೇಷ್ಮೆಯ ವ್ಯಾಪಾರದಲ್ಲಿದ್ದನು. 1853ರಲ್ಲಿ ಈತನು ಹುಟ್ಟಿದ ಊರು ಪೆರ್ನ್; ಅದು ದಕ್ಷಿಣದಲ್ಲಿ ವಾಂತೂ ಪರ್ವತದ ಸೀಮೆಗೆ ಸೇರಿದುದು. 1887ರಲ್ಲಿ ಇವನು ರೇಷ್ಮೆಯನ್ನು ಬಿಟ್ಟು ಬೈಸಿಕಲ್ಲಿನ ಅಂಗಡಿಯನ್ನಿಟ್ಟನು; ಬೈಸಿಕಲ್ ಸವಾರರಿಗಾಗಿ ಒಂದು ಪತ್ರಿಕೆಯನ್ನೂ ಹೊರಡಿಸಿದನು. ಅದರಲ್ಲಿ ವೆಲೊಸಿಯೊ ಎಂಬ ಕಾವ್ಯನಾಮದಿಂದ ಬರೆದನು. ಕ್ರಮೇಣ ಆ ಹೆಸರೇ ಅವನ ಹೆಸರಾಯಿತು. ಇವನು ಸಸ್ಯಾಹಾರಿ, ಪ್ರಾಚೀನ ಗ್ರಂಥಗಳಲ್ಲಿ ಆಸಕ್ತಿಯುಳ್ಳವನು, ರಾತ್ರಿಯ ಪ್ರಯಾಣದಲ್ಲಿ ಪ್ರೀತಿಯುಳ್ಳವನು.

ಇವನ ಮನೆಯಿಂದ ಯಾವ ಕಡೆಗೆ ಹೊರಟರೂ ಏರು. ಆಗಿನ ಬೈಸಿಕಲ್ಲಿಗೆ ಇದ್ದುದು ಒಂದೇ ಗೇರು. ಬಯಲಿಗೆ ಒಪ್ಪುವ ಗೇರು ಬೆಟ್ಟದಲ್ಲಿ ಮೊಣಕಾಲನ್ನು ಮುರಿಯುವಂತಾಗುತ್ತಿದ್ದಿತು. ಬೆಟ್ಟಕ್ಕೆ ಒಪ್ಪುವ ಗೇರಿನಿಂದ ಬಯಲಿನಲ್ಲಿ ಕಾಲು ಗಿರಗಿರನೆ ತಿರುಗಿದರೂ ಗಾಡಿ ಮುಂದುವರಿಯುತ್ತಿರಲಿಲ್ಲ. ವೆಲೊಸಿಯೊ ಯೋಚಿಸಿದುದು ಇಷ್ಟು: ದಾರಿಯ ಏರಿಳಿತ ಬದಲಾಗುತ್ತಿರುವಾಗ ಗಾಡಿಯೂ ಅದಕ್ಕೆ ತಕ್ಕಂತೆ ಬದಲಾಗಬೇಡವೆ? ಭಾವಿಯ ನೀರನ್ನು ಬರಿಯ ಕೈಯಿಂದ ಸೇದಬಹುದು. ರಾಟೆಗೆ ಹಿಡಿಯಿಟ್ಟು ತಿರುಗಿಸಿಯೂ ಸೇದಬಹುದು. ಹಿಡಿಯನ್ನು ಹೆಚ್ಚು ಸುತ್ತು ತಿರುಗಿಸಬೇಕು, ಒಂದೊಂದು ಸುತ್ತಿಗೂ ಬೇಕಾದ ಬಲ ಕಡಿಮೆ. ಕೊಡದ ಭಾರವಾಗಲಿ ಭಾವಿಯ ಆಳವಾಗಲಿ ಕಡಿಮೆಯಾಗಲಿಲ್ಲ. ಮನುಷ್ಯನ ಶಕ್ತಿಗೆ ಒಗ್ಗುವ ಹಾಗೆ ಕೆಲಸ ಹಂಚಿಹೋಯಿತು, ಅಷ್ಟೆ. ಈ ತತ್ತ್ವವನ್ನು ಹಿಡಿದು ಅವನು ಎರಡು, ಮೂರು, ನಾಲ್ಕು ಗೇರುಗಳ ಗಾಡಿಗಳನ್ನು ತಾನೇ ಪರೀಕ್ಷಿಸಿ, ಸರಪಣಿಯನ್ನು ಒಂದು ಹಲ್ಲಿನ ಚಕ್ರದಿಂದ ಮತ್ತೊಂದಕ್ಕೆ ದಾಟಿಸುವ ಉಪಾಯಗಳನ್ನು ಜೀವಮಾನವೆಲ್ಲ ಪ್ರಚಾರಮಾಡಿದನು.

ಇದನ್ನು ಒಪ್ಪದ ಪಕ್ಷವೊಂದಿದ್ದಿತು. ಅದರ ಮುಖಂಡ ಆಂರಿ ದೆಗ್ರಾಂಜ್. ಇವನು ಬಾಯಿಮಾತಿನ ಶೂರನಲ್ಲ. 1893ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಗಂಟೆಗೆ 35.325 ಕಿಲೋಮೀಟರು ಸವಾರಿಮಾಡಿ ದಾಖಲೆ ಸ್ಥಾಪಿಸಿದವನು. ತರುವಾಯ ಲೋತೋ ಎಂಬ ಕ್ರೀಡಾಪತ್ರಿಕೆಯ ಸಂಪಾದಕನಾದನು. 1902ರಲ್ಲಿ ಪಿರನೀಸ್ ಬೆಟ್ಟಗಳಲ್ಲಿ ಪ್ರವಾಸಿಗಳ ಸಂಘವೊಂದು ಬೈಸಿಕಲ್ಲುಗಳ ಪರೀಕ್ಷೆಯನ್ನು ಏರ್ಪಡಿಸಿದಾಗ, ಮಾರ್ತ್ ಎಸ್ ಎಂಬ ಮಹಿಳೆ ವೆಲೊಸಿಯೊ ಪಕ್ಷದ ಗೇರುಳ್ಳ ಗಾಡಿಯಲ್ಲಿ ಆ ಭಯಂಕರವಾದ ಏರನ್ನು ಹತ್ತಿ ತೋರಿಸಿದಳು. ದೆಗ್ರಾಂಜನ ಮನಸ್ಸು ಕರಗಲಿಲ್ಲ. ಗೇರು ಬದಲಿಸುವುದು ನಲವತ್ತೈದು ದಾಟಿದವರಿಗೆ ಸರಿ. ಯುವಕರು ಸ್ವಂತ ಸ್ನಾಯುಗಳ ಬಲದಿಂದಲೇ ಗೆಲ್ಲಬೇಕು ಎಂಬುದು ಅವನ ಅಭಿಪ್ರಾಯ.

ಮರುವರ್ಷ, 1903ರ ಜುಲೈ 1ನೆಯ ತಾರೀಖು, ಅವನ ಪತ್ರಿಕೆಯ ಆಶ್ರಯದಲ್ಲಿ ಫ್ರಾನ್ಸಿನ ಪ್ರದಕ್ಷಿಣೆ ಎಂಬ ಪಂದ್ಯ ಆರಂಭವಾಯಿತು. ಆರು ಘಟ್ಟಗಳು, 2,428 ಕಿಲೋಮೀಟರು. ಹೊರಟವರು 60 ಮಂದಿ, ಮುಗಿಸಿದವರು 21 ಮಂದಿ. ಲಿಯೋನಿನಿಂದ ಮಾರ್ಸೇಲ್ಸಿಗೆ ಹೋಗುವ ಎರಡನೆಯ ಘಟ್ಟದಲ್ಲಿ ಸವಾರರು ದಾಟಿದುದು ಸೇಂಟ್ ಎತಿಯೆನ್ನಿನ ಮೇಲಣ ಆ ಗ್ರಾಂ ಬ್ವಾ ಘಾಟಿಯನ್ನೇ. ವೆಲೊಸಿಯೊ ತನ್ನ ಗೇರುಗಳನ್ನು ಪರೀಕ್ಷಿಸುತ್ತಿದ್ದ ಏರಿನಲ್ಲಿಯೇ ದೆಗ್ರಾಂಜನ ಪೈಲ್ವಾನರು ಒಂದೇ ಗೇರಿನಿಂದ ಹೆಣಗಾಡಿದರು. 1904ರಲ್ಲಿ ಅದೇ ಘಾಟಿಯಲ್ಲಿ, ರಾತ್ರಿಯ ಹೊತ್ತಿನಲ್ಲಿ, ತಮ್ಮ ಊರಿನವನು ಗೆಲ್ಲಬೇಕೆಂಬ ಹುಚ್ಚಿನಿಂದ ಒಂದು ಗುಂಪು ಉಳಿದ ಸವಾರರಮೇಲೆ ಬಿದ್ದು ಹೊಡೆಯಿತು. ಪಂದ್ಯದ ಅಧಿಕಾರಿಗಳು ಪಿಸ್ತೂಲು ಹಾರಿಸಿ ಅವರನ್ನು ಚದರಿಸಬೇಕಾಯಿತು. ಬಲವೊಂದೇ ದೇವರಾದರೆ ಪೂಜೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇದೊಂದು ನಿದರ್ಶನ.

ವೆಲೊಸಿಯೊ ಪಂದ್ಯದ ಕಡೆಗೆ ಹೋಗಲಿಲ್ಲ. ಈಸ್ಟರ್ ಹಬ್ಬದ ರಜಗಳಲ್ಲಿ ಅವನು ಶಿಷ್ಯರನ್ನು ಕಟ್ಟಿಕೊಂಡು ತನ್ನ ಹುಟ್ಟುನಾಡಾದ ಪ್ರೊವಾನ್ಸಿಗೆ ಹೊರಡುತ್ತಿದ್ದನು. ಆ ಕಡೆಗೆ ಇಳಿಯುವ ಹಾದಿಯನ್ನು ಭೂಪಟದಮೇಲೆ ಬೆರಳಿಟ್ಟು ನೋಡೋಣ. ಚಳಿಯ ಪಟ್ಟಣದಿಂದ ದೇವದಾರು ಜಾತಿಯ ಮರಗಳ ಕಾಡಿನೊಳಗೆ ಏರಿ ಗ್ರಾಂ ಬ್ವಾ ಘಾಟಿಯನ್ನು ಮುಟ್ಟಿದರೆ, ಅಲ್ಲಿಂದಾಚೆಗೆ ನೀರೆಲ್ಲ ರೋನ್ ಕಡೆಗೆ ಹರಿಯುತ್ತದೆ. ಬೂರ್ ಅರ್ಜಾಂತಾಲ್ ದಾಟಿದರೆ ಆನೋನೆ ಸಿಕ್ಕುತ್ತದೆ. 1783ರಲ್ಲಿ ಮೋಂಗೋಲ್ಫಿಯೆ ಸಹೋದರರು ಬಿಸಿಗಾಳಿಯ ಬೆಲೂನನ್ನು ಜನರೆದುರಿಗೆ ಮೊದಲು ಹಾರಿಸಿದ ಊರು ಅದು. ಮುಂದೆ ಸೇಂಟ್ ಜೋಸೆಫ್ ಎಂಬ ಹೆಸರಿನ ವೈನು ಬೆಳೆಯುವ ಪಾವಟಿಗೆಗಳು. ಎದುರುದಡದಲ್ಲಿ ತೇನ್ ಪಟ್ಟಣದ ಮೇಲಣ ಎರ್ಮಿತಾಜ್ ಗುಡ್ಡ. ತರುವಾಯ ನದಿಯ ಜೊತೆಯಲ್ಲಿಯೇ ವಾಲಾಂಸ್, ಮೋಂತೆಲಿಮಾರ್, ರೋಮನರ ನಾಟಕಶಾಲೆಯಿರುವ ಓರಾಂಜ್. ಬರುಬರುತ್ತ ಹೆಂಚುಗಳ ಬಣ್ಣ ಕೆಂಪಾಗುತ್ತದೆ, ಆಲಿವ್ ಮರಗಳು ಕಾಣಿಸಿಕೊಳ್ಳುತ್ತವೆ, ಬೆನ್ನಹಿಂದಿನಿಂದ ಮಿಸ್ತ್ರಾಲ್ ಎಂಬ ಬಡಗಣ ಗಾಳಿ ತಳ್ಳುತ್ತದೆ. ಹಿಂದಿರುಗುವಾಗ ಅದೇ ಗಾಳಿ ಎದೆಗೆ ಎದುರಾಗುವುದೆಂಬುದನ್ನು ಮಾತ್ರ ಮರೆಯಬಾರದು.

ಶಿಷ್ಯರಿಗೆ ಅವನು ಕೆಲವು ವಿಧಿಗಳನ್ನು ಮಾಡಿಕೊಟ್ಟಿದ್ದನು. ಅವುಗಳ ಸಾರವೇನೆಂದರೆ, ಹಸಿವಿಗೆ ಮೊದಲೇ ಉಣ್ಣುವುದು, ಬಾಯಾರಿಕೆಗೆ ಮೊದಲೇ ಕುಡಿಯುವುದು, ಮೊದಲ ಗಂಟೆಗಳಲ್ಲಿ ಶಕ್ತಿಮೀರಿ ತುಳಿಯದಿರುವುದು, ದಾರಿಯಲ್ಲಿರುವವರೆಗಾದರೂ ವೈನು, ಮಾಂಸ, ಹೊಗೆಸೊಪ್ಪುಗಳನ್ನು ಬಿಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಜಂಬಕ್ಕಾಗಿ ಸವಾರಿಮಾಡದಿರುವುದು. ಜಗತ್ತಿಗೆಲ್ಲ ವೈನನ್ನು ಕೊಡುವ ಬೆಟ್ಟಗಳ ನಡುವೆ ಕುಳಿತು ಈ ಉಪದೇಶವನ್ನು ಮಾಡಿದುದು ಸ್ವಾರಸ್ಯವಾದ ಸಂಗತಿ. ಆಗಿನ ಪಂದ್ಯಗಳ ಸವಾರರಾದರೋ ದಾರಿಯ ಅಂಗಡಿಗಳಿಗೆ ನುಗ್ಗಿ ಸಿಕ್ಕಿದ ಮದ್ಯವನ್ನು ಬಾಚಿಕೊಳ್ಳುತ್ತಿದ್ದರು. 1950ರ ಪಂದ್ಯದಲ್ಲಿ, ರೋನಿನ ಪಶ್ಚಿಮಕ್ಕಿರುವ ದ್ರಾಕ್ಷಿಯ ಬಯಲಿನಲ್ಲಿ, ಅಲ್ಜೀರಿಯದ ಅಬ್ದೆಲ್ ಕಾದರ್ ಜಾಫ್ ಎಂಬವನು ಬಿಸಿಲಿಗೆ ಸೋತು ಒಂದು ಮರದ ಕೆಳಗೆ ಬಿದ್ದನು. ನೋಡುತ್ತಿದ್ದವರು ನೀರಿಗೆ ಬದಲಾಗಿ ಅವನ ಮೇಲೆ ವೈನನ್ನೇ ಸುರಿದರೆಂದೂ, ಅವನು ಎಚ್ಚತ್ತು ಗಾಡಿಯೇರಿ ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೊರಟನೆಂದೂ ಹೇಳುತ್ತಾರೆ. ಜನ ಇಂದಿಗೂ ಈ ಕಥೆಗೆ ನಗುತ್ತಾರೆ. ಆದರೆ ಬಿಸಿಲಿನ ಆಪತ್ತು ನಗುವ ಮಾತಲ್ಲ.

1930ರಲ್ಲಿ ಸೇಂಟ್ ಎತಿಯೆನ್ನಿನ ಬೀದಿಯಲ್ಲಿ ಟ್ರಾಮ್ ಗಾಡಿ ತಗಲಿ ವೆಲೊಸಿಯೊ ಮೃತನಾದನು. ಅದುವರೆಗೂ ದೆಗ್ರಾಂಜನ ನಿಯಮ ಸಡಿಲವಾಗಿರಲಿಲ್ಲ. ಪಂದ್ಯದ ಸವಾರರು ಬೆಟ್ಟದ ಬುಡದಲ್ಲಿ ಕೆಳಗಿಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ಮಗ್ಗುಲು ಬದಲಿಸಿ, ಆ ಕಡೆಯ ದೊಡ್ಡ ಹಲ್ಲಿನ ಚಕ್ರಕ್ಕೆ ಸರಪಣಿಯನ್ನು ತೊಡಿಸಿ ಮತ್ತೆ ಹತ್ತುತ್ತಿದ್ದರು. 1936ರಲ್ಲಿ ದೆಗ್ರಾಂಜನು ಅನಾರೋಗ್ಯದಿಂದ ಪಂದ್ಯದ ಅಧಿಕಾರವನ್ನು ಬಿಟ್ಟುಕೊಟ್ಟನು. 1937ರಲ್ಲಿ ಗೇರು ಬದಲಿಸುವ ಸಾಧನಕ್ಕೆ ಅನುಮತಿ ದೊರೆಯಿತು. ಆ ವರ್ಷ ಗೆದ್ದ ರೋಜೆ ಲಪೆಬಿ ಅದನ್ನು ಬಳಸಿಯೇ ಗೆದ್ದನು. ಗೇರು ಬಂದುದರಿಂದ ಪಂದ್ಯ ಸುಲಭವಾಗಲಿಲ್ಲ. ಮೊದಲು ನಡೆದು ಹತ್ತುತ್ತಿದ್ದ ಏರುಗಳನ್ನು ಈಗ ಓಟದಲ್ಲಿ ಹತ್ತಿದರು; ಅದರಿಂದ ಇನ್ನೂ ಕಠಿನವಾದ ಬೆಟ್ಟಗಳನ್ನು ಹುಡುಕಿದರು. ಹೀಗೆ 1951ರಲ್ಲಿ ಪಂದ್ಯವು ಮೊದಲ ಸಲ ವಾಂತೂ ಪರ್ವತದ ಶಿಖರವನ್ನು ಮುಟ್ಟಿತು.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ವಾಂತೂವಿಗೆ ಚೆನ್ನಾಗಿ ಒಪ್ಪುತ್ತದೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಇದರ ಎತ್ತರ ಸುಮಾರು 1,910 ಮೀಟರು, ಎಂದರೆ 6,200 ಅಡಿಗೆ ಮೇಲೆ. ತುದಿಯ ಬಿಳುಪನ್ನು ಕಂಡು ಹಿಮವೆಂದುಕೊಂಡರೆ, ಬೇಸಗೆಯಲ್ಲಿ ಅದು ಬರಿಯ ಸುಣ್ಣಕಲ್ಲು. ಮೇಲಕ್ಕೆ ಬೆದ್ವಾಂ, ಮಲೋಸೆನ್, ಸೋ ಎಂಬ ಮೂರು ಊರುಗಳಿಂದ ದಾರಿಗಳುಂಟು. ಬೆದ್ವಾಂ ದಾರಿಯ ಉದ್ದ ಸುಮಾರು 21 ಕಿಲೋಮೀಟರು. ಶಿಖರದ ಹವಾಮಾನ ವೀಕ್ಷಣಾಲಯಕ್ಕಾಗಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಕಡಿದರು. ಮೊದಲ ಐದಾರು ಕಿಲೋಮೀಟರು ದ್ರಾಕ್ಷಿಯ ತೋಟಗಳ ನಡುವೆ ಮೆಲ್ಲಗೆ ಏರುತ್ತದೆ. ಸವಾರನು ಇಷ್ಟೇ ತಾನೆ ಎಂದುಕೊಳ್ಳುವಷ್ಟರಲ್ಲಿ, ಸೇಂಟ್ ಎಸ್ತೆವ್ ಎಂಬ ತಿರುವಿನಲ್ಲಿ ತೋಟಗಳು ಮುಗಿದು ಕಾಡು ಮೊದಲಾಗುತ್ತದೆ. ನೂರು ಅಡಿಗೆ ಒಂಬತ್ತು ಹತ್ತು ಅಡಿಯಂತೆ ದಾರಿ ಏರುತ್ತದೆ. ಕೊನೆಯ ಆರು ಕಿಲೋಮೀಟರಿನಲ್ಲಿ ಕಾಡೂ ಇಲ್ಲ. ಕಲ್ಲು, ಬಿಸಿಲು, ಗಾಳಿ.

1967ರ ಜುಲೈ 13ನೆಯ ತಾರೀಖು ಈ ಬೋಳು ಇಳಿಜಾರಿನಲ್ಲಿ, ಸುಡುವ ಬಿಸಿಲಿನಲ್ಲಿ, ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಗಾಡಿಯಿಂದ ಬಿದ್ದನು. ಎರಡು ವರ್ಷಗಳ ಹಿಂದೆ ಜಗತ್ತಿನ ವಿಜೇತನೆನಿಸಿದ್ದ ಸವಾರ ಅವನು. ಜನ ಅವನನ್ನೆತ್ತಿ ಮತ್ತೆ ಗಾಡಿಯಮೇಲೆ ಕೂರಿಸಿದರು, ಸ್ವಲ್ಪ ದೂರ ಹೋಗಿ ಮತ್ತೆ ಬಿದ್ದನು, ಏಳಲಿಲ್ಲ. ಅವನ ದೇಹದಲ್ಲಿ ಆಂಫೆಟಮಿನ್ ಎಂಬ ಉದ್ರೇಕದ ಮದ್ದೂ ಮದ್ಯದ ಅಂಶವೂ ಕಂಡುಬಂದುವು. ಬಾಯಾರಿಕೆ, ಬಿಸಿಲು, ಮದ್ದು ಇವೆಲ್ಲ ಕೂಡಿ, ಸಾಕೆಂದು ಮೈ ಹೇಳುವ ಮಾತು ಮನಸ್ಸಿಗೆ ಕೇಳಿಸದಂತಾಗಿದ್ದಿತು. ಅವನ ನಾಡಿನ ಸವಾರರು ಚಂದಾ ಎತ್ತಿ ಅಲ್ಲಿ ಕಲ್ಲನ್ನು ನಿಲ್ಲಿಸಿದರು. ಈಗಲೂ ಹಾದುಹೋಗುವವರು ಅದರ ಬುಡದಲ್ಲಿ ನೀರಿನ ಬಾಟಲನ್ನೋ ಟೋಪಿಯನ್ನೋ ಇಟ್ಟುಹೋಗುತ್ತಾರೆ. ಅವನನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಸೋಲನ್ನು ಪಾಪವೆಂದೂ ಮಿತಿಯನ್ನು ಹೇಡಿತನವೆಂದೂ ಎಣಿಸುವ ಒಂದು ಪದ್ಧತಿಗೆ ಅವನು ಬಲಿಯಾದನೆಂದು ಹೇಳಿದರೆ ಸಾಕು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. 1336ರ ಏಪ್ರಿಲ್ 26ನೆಯ ತಾರೀಖು ಇಟಲಿಯ ಕವಿ ಪೆಟ್ರಾರ್ಕನು ತಮ್ಮನೊಡನೆ ಮಲೋಸೆನ್ ಕಡೆಯಿಂದ ಇದೇ ಪರ್ವತವನ್ನು ಕಾಲುನಡಗೆಯಲ್ಲಿ ಹತ್ತಿದುದಾಗಿ ಒಂದು ಪತ್ರದಲ್ಲಿ ಬರೆದಿದ್ದಾನೆ. ತಮ್ಮನು ಕಡಿದಾದ ನೇರದಾರಿಯನ್ನು ಹಿಡಿದನು. ತಾನು ಸುಲಭವಾದ ದಾರಿಯನ್ನು ಹುಡುಕಿ, ಸುತ್ತಿ ಸುತ್ತಿ, ಕೆಳಕ್ಕಿಳಿದು, ಕೊನೆಗೆ ಹೆಚ್ಚು ಬಳಲಿದೆನೆಂದು ತನ್ನನ್ನೇ ಹಳಿದುಕೊಂಡಿದ್ದಾನೆ. ಹಾಗಾದರೆ ಕವಿ ದೆಗ್ರಾಂಜನ ಪಕ್ಷವೇ? ಯೋಚಿಸಿ ನೋಡಿದರೆ ಅಲ್ಲ. ಪೆಟ್ರಾರ್ಕನು ಹಳಿದುಕೊಂಡದ್ದು ಏರನ್ನು ತಪ್ಪಿಸಿಕೊಳ್ಳಹೋದುದಕ್ಕಾಗಿ. ಗೇರು ಏರನ್ನು ತಪ್ಪಿಸುವುದಿಲ್ಲ. ಶಿಖರವನ್ನು ಒಂದು ಅಡಿಯಷ್ಟೂ ತಗ್ಗಿಸುವುದಿಲ್ಲ. ಅದು ಹತ್ತುವವನ ಶಕ್ತಿಗೂ ಹತ್ತಬೇಕಾದ ಬೆಟ್ಟಕ್ಕೂ ಸಂಧಿಮಾಡಿಸುತ್ತದೆ. ಕಸಿಯೂ ಹಾಗೆಯೇ: ಬೇರು ಬೇರೆಯಾದರೂ ಹಣ್ಣು ಮಾಗಬೇಕಾದುದು ಅದೇ ಕಲ್ಲುಗುಡ್ಡದ ಅದೇ ಬಿಸಿಲಿನಲ್ಲಿ.

ಈಗ ರೋನ್ ನದಿಯನ್ನು ಅನುಸರಿಸಿ ಜಿನೀವಾ ಸರೋವರದಿಂದ ಸಮುದ್ರದವರೆಗೆ 815 ಕಿಲೋಮೀಟರುಗಳ ಬೈಸಿಕಲ್ ಹಾದಿಯೊಂದನ್ನು ಗುರುತುಮಾಡಿದ್ದಾರೆ. ವಾಂತೂವಿನ ಬುಡದ ದ್ರಾಕ್ಷಿಯ ಹಳ್ಳಿಗಳಲ್ಲಿ ಬೇಸಗೆಯ ಬೆಳಗ್ಗೆ ನಾನಾ ದೇಶಗಳ ಗಂಡಸರು, ಹೆಂಗಸರು, ನರೆಗೂದಲಿನವರು ಗಾಡಿಗಳನ್ನು ಒರಸಿ ಸಿದ್ಧಮಾಡಿಕೊಳ್ಳುತ್ತಾರೆ. ಅವರಲ್ಲಿ ಕೆಲವರ ಗಾಡಿಗೆ ವಿದ್ಯುತ್ತಿನ ಸಹಾಯವೂ ಉಂಟು. ಇದು ಸವಾರಿಯೇ, ಇದು ನಾಚಿಕೆಯಲ್ಲವೇ ಎಂಬ ಹಳೆಯ ವಾದ ಹೊಸ ಬಾಯಿಗಳಲ್ಲಿ ಕೇಳಿಬರುತ್ತಿದೆ. ವಿದ್ಯುತ್ತು ಗೇರಿನಂತಲ್ಲ, ಅದು ಹೊರಗಿನ ಬಲವೆಂಬುದು ನಿಜ. ಆದರೆ ತೀರ್ಪು ಕೊಡುವ ಮೊದಲು, ಈ ದಾರಿಗಳನ್ನು ಮಾಡಿದವರು ಯಾರೆಂಬುದನ್ನು ನೆನೆಯಬೇಕು. ವರ್ಷಕ್ಕೆ ಮೂರು ದಿನ ಗುದ್ದಲಿ ಹಿಡಿದ ರೈತನು, ಶೂರನು ಮಾತ್ರ ಇಲ್ಲಿ ಹತ್ತಲಿ ಎಂದು ಜಲ್ಲಿ ಹಾಕಲಿಲ್ಲ.

ಗ್ರಾಂ ಬ್ವಾ ಘಾಟಿಯ ಕಲ್ಲು ತನ್ನ ಅಳತೆಯನ್ನು ಬಲ್ಲವನ ಗುರುತು. ವಾಂತೂವಿನ ಕಲ್ಲು, ಆ ಅಳತೆಯನ್ನು ಮರೆಸುವ ಲೋಕಕ್ಕೆ ಎಚ್ಚರಿಕೆ. ಎರಡನ್ನೂ ನೋಡಿ ನಮಸ್ಕರಿಸಿ ಮುಂದೆ ಹೋಗುವವನಿಗೆ, ಕೆಳಗಣ ತೋಟಗಳ ಬಳ್ಳಿ ಮೂರನೆಯ ಪಾಠವನ್ನು ಹೇಳುತ್ತದೆ. ಬಳ್ಳಿ ಬೇರೊಂದರ ಬೇರಿನಮೇಲೆ ನಿಂತು, ತನ್ನ ಬೆಟ್ಟವನ್ನು ಬಿಡದೆ, ತನ್ನ ಹಣ್ಣನ್ನೇ ಕೊಡುತ್ತಿದೆ.